ಅಮ್ಮನನ್ನು ನೆನೆದು ಹತ್ತು ನಿಮಿಷ ಮಾತನಾಡಬೇಕು. ಬರೆದದ್ದೆಲ್ಲ ಯಾರದೋ ಅಮ್ಮನಂತೆ ಕಾಣುತ್ತಿದೆ

ಕರಡು ತಿದ್ದುವವಳು

ಕಳೆದ ತಿಂಗಳು ಅಮ್ಮ ತೀರಿಕೊಂಡಳು. ಅವಳಿಗೆ 81. ಮುಂದಿನ ವಾರ ಮನೆಯವರು, ಹತ್ತಿರದವರು ಸೇರಿ ಅವಳನ್ನು ನೆನೆಯುವುದೆಂದು ತೀರ್ಮಾನವಾಗಿದೆ. ಹತ್ತು ನಿಮಿಷ ಮಾತನಾಡುವ ಹೊಣೆ ನನ್ನ ತಲೆಗೆ ಬಂದಿದೆ. "ನೀನು ದಿನವಿಡೀ ಅಕ್ಷರದ ನಡುವೆ ಇರುವವಳು, ನೀನೇ ಬರೆ" ಎಂದು ಅಣ್ಣ ಕೈತೊಳೆದುಕೊಂಡ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಇನ್ನೊಬ್ಬರು ಬರೆದದ್ದರಲ್ಲಿ ಒತ್ತಕ್ಷರ ಹುಡುಕುವುದಕ್ಕೂ ಹೆತ್ತ ತಾಯಿಯ ಬಗ್ಗೆ ಬರೆಯುವುದಕ್ಕೂ ಎಷ್ಟು ದೂರ ಎಂಬುದು ಅಣ್ಣನಿಗೆ ಗೊತ್ತಿಲ್ಲ.

ಎರಡು ಪುಟ ಬರೆದೆ. ಮಮತಾಮಯಿ, ಸಹನಾಶೀಲೆ, ಮಕ್ಕಳಿಗಾಗಿ ಜೀವ ತೇಯ್ದವಳು, ಮೊಮ್ಮಕ್ಕಳ ಪಾಲಿನ ದೇವತೆ. ಹೆಸರೊಂದು ಬದಲಿಸಿದರೆ ಯಾರ ಮನೆಯಲ್ಲಿ ಬೇಕಾದರೂ ಓದಬಹುದು. ಅಮ್ಮ ಕೇಳಿಸಿಕೊಂಡಿದ್ದರೆ "ಯಾರ ಬಗ್ಗೆ ಹೇಳುತ್ತಿದ್ದೀಯ?" ಎನ್ನುತ್ತಿದ್ದಳು. ಸಹನೆಯಂತೂ ಅವಳಿಗೆ ಆಗದ ಮಾತು.

ಅವಳು ಹೇಗಿದ್ದಳೆಂದರೆ: ಅಪ್ಪ ಹೋದಾಗ ತಮ್ಮ ಇನ್ನೂ ನಡೆಯಲು ಕಲಿತಿರಲಿಲ್ಲ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತಳು, ನಾವು ನಾಲ್ವರೂ ನಮ್ಮ ಕಾಲ ಮೇಲೆ ನಿಂತ ಮೇಲೆಯೇ ಎದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಮ್ಮನ್ನು ಬೈಯುತ್ತಿದ್ದಳು. ಆ ತುಟಿ ಬಿಚ್ಚದ ಬೈಗುಳದಲ್ಲಿ ಯಾರ ಹೆಸರಿದೆ ಎಂದು ಪಕ್ಕದ ಕೋಣೆಯಿಂದಲೇ ನಮಗೆ ತಿಳಿಯುತ್ತಿತ್ತು. ಹೊಲಿಗೆಯ ಕೊನೆ ಬಂತೆಂದರೆ ಕಾಲಿನ ಪೆಡಲ್ ನಿಲ್ಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ ಕೊನೆಯ ನಾಲ್ಕು ಹೊಲಿಗೆ ಹಾಕುತ್ತಿದ್ದಳು. ಶಾಲೆಯ ಬಟ್ಟೆಗೆ ನಾಲ್ಕು ಬೆರಳು ಅಗಲ ಅಂಚು ಒಳಗೆ ಮಡಚಿಟ್ಟು, ನಾವು ಬೆಳೆದಂತೆ ವರ್ಷ ವರ್ಷ ಒಂದೊಂದೇ ಮಡಿಕೆ ಬಿಚ್ಚುವಳು. ಬಿಚ್ಚಿದ ಕಡೆ ಹಳೆಯ ಮಡಿಕೆಯ ಬಿಳಿಚಿದ ಗೆರೆ ಉಳಿಯುತ್ತಿತ್ತು. ನನ್ನ ಲಂಗದಲ್ಲಿ ಅಂಥ ಮೂರು ಗೆರೆಗಳಿದ್ದವು. ತರಗತಿಯಲ್ಲಿ ಅವನ್ನು ಮುಚ್ಚಿಕೊಂಡು ಕೂರುತ್ತಿದ್ದೆ.

ಹೊಗಳಿಕೆ ಅವಳ ಬಾಯಿಂದ ಬಂದದ್ದಿಲ್ಲ. ಅಂಕಪಟ್ಟಿ ತೋರಿಸಿದರೆ ಹೋದ ಅಂಕಗಳನ್ನೇ ಎಣಿಸುತ್ತಿದ್ದಳು. ಆದರೆ ಮನಸ್ಸಿಗೆ ಹಿಡಿಸಿದ್ದರೆ ಮುಂದಿನ ಬಟ್ಟೆಗೆ ಒಂದು ಒಳಜೇಬು ಹೆಚ್ಚಿರುತ್ತಿತ್ತು. ಅದರ ಬಗ್ಗೆ ಅವಳೂ ಮಾತೆತ್ತಳು, ನಾವೂ ಕೇಳೆವು.

ಈಗ ನನ್ನ ಮಕ್ಕಳನ್ನು ಕೇಳಿದರೆ ಬೇರೆಯೇ ಹೆಂಗಸಿನ ಕಥೆ ಹೇಳುತ್ತಾರೆ. ಅವರ ಅಜ್ಜಿ ಹಾವು ಏಣಿ ಆಟದಲ್ಲಿ ಮೋಸ ಮಾಡುತ್ತಿದ್ದಳು. ದಾಳ ಐದು ಬಿದ್ದು ಐದನೆಯ ಮನೆಯಲ್ಲಿ ಹಾವಿದ್ದರೆ, ಮುಖ ಗಂಭೀರ ಮಾಡಿಕೊಂಡು ಒಂದು ಮನೆಯನ್ನು ಎರಡು ಬಾರಿ ಎಣಿಸಿ ಹಾವಿನ ಹಿಂದೆಯೇ ಕಾಯಿ ನಿಲ್ಲಿಸುವಳು. ಅವಳನ್ನು ಹಿಡಿಯುವ ಹಟದಲ್ಲೇ ನನ್ನ ಮಗ ಎಣಿಸುವುದನ್ನು ಕಲಿತ. ಮಗುವಿಗೆ ಕಲಿಸಲೆಂದೇ ಹಾಗೆ ಮಾಡುತ್ತಿದ್ದಳು ಎಂದು ತಮ್ಮನ ವಾದ. ಅಜ್ಜಿಗೆ ಸೋಲುವುದು ಇಷ್ಟವಿರಲಿಲ್ಲ, ಅಷ್ಟೇ ಎಂದು ನನ್ನ ಮಗಳು. ನನ್ನ ಮತ ಮಗಳಿಗೆ.

ಈ ಇಬ್ಬರನ್ನೂ ಒಂದೇ ಮಾತಿನಲ್ಲಿ ಹೇಗೆ ಹಿಡಿಯಲಿ? ಇನ್ನೊಂದು ವಿಷಯವಿದೆ, ಅದು ಹೆಚ್ಚು ಕಷ್ಟದ್ದು. ಅಕ್ಕನನ್ನು ಅಮ್ಮ ಕಾಲೇಜು ಬಿಡಿಸಿ ಗುಂಡಿ ಹಾಕಲು, ಕಾಜಾ ಹೊಲಿಯಲು ಕೂರಿಸಿದಳು. ನಾನೂ ತಮ್ಮನೂ ಓದಿದ್ದು ಆ ಕೆಲಸದ ಮೇಲೆ. ಅದನ್ನು ಬಿಟ್ಟು ಅಮ್ಮನ ಬದುಕು ಹೇಳಿದರೆ ಸುಳ್ಳಾಗುತ್ತದೆ. ಹೇಳಿದರೆ "ಹೋದವರ ಮೇಲೆ ದೂರು ಹೇಳುತ್ತೀಯಾ" ಎನ್ನುತ್ತಾನೆ ಅಣ್ಣ. ಅಕ್ಕ ಏನೂ ಹೇಳುತ್ತಿಲ್ಲ.

ಜೊತೆಗೆ ಒಂದು ಹಳೆಯ ಆಲ್ಬಂ ಇದೆ, ಫೋಟೊಗಳು ಹಾಳೆಗೆ ಅಂಟಿಕೊಂಡುಬಿಟ್ಟಿವೆ. ಅವಳ ದನಿಯಿರುವ ಎರಡು ಕ್ಯಾಸೆಟ್, ನನ್ನ ಮೊಬೈಲಿನಲ್ಲಿ ಅವಳು ಕಳಿಸಿದ ಧ್ವನಿ ಸಂದೇಶಗಳು. ಇವುಗಳ ಬಗ್ಗೆಯೂ ಗೊತ್ತಿದ್ದವರು ತಿಳಿಸಿ.

ನಿವೃತ್ತ ಮೇಷ್ಟ್ರು

ತಂಗೀ, ಆ ಎರಡು ಪುಟ ಹರಿದು ಹಾಕಿ. ಭಾಷಣ ಇಲ್ಲಿಯೇ ಮುಕ್ಕಾಲು ಸಿದ್ಧವಾಗಿದೆ. ಒಳಜೇಬಿನ ಮಾತು ಹೇಳಿದ ಮೇಲೆ ಮಮತಾಮಯಿ ಎಂದು ಬೇರೆ ಹೇಳಬೇಕೇ?

ಹತ್ತು ನಿಮಿಷ ಕೊಟ್ಟಿದ್ದರೆ ಏಳು ನಿಮಿಷಕ್ಕೆ ಬರೆಯಿರಿ. ಉಳಿದ ಮೂರು ನಿಮಿಷ ಗಂಟಲು ಕಟ್ಟುವುದಕ್ಕೆ ಬೇಕಾಗುತ್ತದೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ, ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಇನ್ನೊಂದು ಪ್ರತಿ ನಂಬಿಕೆಯವರ ಕೈಯಲ್ಲಿರಲಿ. ನೀವು ನಿಲ್ಲಿಸಿದಲ್ಲಿಂದ ಅವರು ಮುಂದುವರಿಸಲಿ. ಹುಟ್ಟಿದ ಇಸವಿಯಿಂದ ಶುರು ಮಾಡಬೇಡಿ. ನಾನು ಕೇಳಿದ ಇಂಥ ಮಾತುಗಳಲ್ಲಿ ಹುಟ್ಟಿದ ಇಸವಿಯಿಂದ ಹೊರಟವು ಮದುವೆಗೆ ಬರುವಷ್ಟರಲ್ಲೇ ದಣಿದಿರುತ್ತವೆ.

ತಾಯಂದಿರ ದಿನ ಎಂದು ಜಗತ್ತೇ ಆಚರಿಸುವುದು ಹುಟ್ಟಿದ್ದೂ ಒಬ್ಬ ಮಗಳು ಒಬ್ಬ ತಾಯಿಯನ್ನು ನೆನೆದದ್ದರಿಂದ. ಅಮೆರಿಕದ ಆನ್ ರೀವ್ಸ್ ಜಾರ್ವಿಸ್ ಎಂಬಾಕೆ 1905ರಲ್ಲಿ ತೀರಿಕೊಂಡರು. ಮಗಳು ಆನಾ ಜಾರ್ವಿಸ್ 1908ರ ಮೇ ತಿಂಗಳಲ್ಲಿ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್‌ನಲ್ಲಿ, ತಾಯಿ ಪಾಠ ಹೇಳುತ್ತಿದ್ದ ಚರ್ಚಿನಲ್ಲೇ, ಮೊದಲ ತಾಯಂದಿರ ದಿನ ಏರ್ಪಡಿಸಿದರು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ದೇಶಕ್ಕೆಲ್ಲ ಘೋಷಿಸಿದರು. ಆ ತಾಯಿ ಮಾಡಿದ್ದಾದರೂ ಏನು? ಅವರಿಗೆ ಹನ್ನೊಂದಕ್ಕಿಂತ ಕಡಿಮೆಯಿಲ್ಲದ ಮಕ್ಕಳು, ದೊಡ್ಡವರಾಗುವ ತನಕ ಬದುಕಿದವರು ನಾಲ್ವರು. ಮಕ್ಕಳನ್ನು ಕಾಯಿಲೆ ಒಯ್ಯುವುದನ್ನು ಕಂಡವರು ಊರಿನ ತಾಯಂದಿರನ್ನು ಕೂಡಿಸಿ ಶುಚಿತ್ವ ಕಲಿಸುವ ಸಂಘ ಕಟ್ಟಿದರು. ಅಂತರ್ಯುದ್ಧ ಬಂದಾಗ ಎರಡೂ ಕಡೆಯ ಸೈನಿಕರ ಆರೈಕೆ ಮಾಡಿಸಿದರು. ಮುಂದೆ ವ್ಯಾಪಾರಿಗಳು ಆ ದಿನವನ್ನು ಹೂವಿಗೂ ಅಚ್ಚಾದ ಶುಭಾಶಯ ಪತ್ರಕ್ಕೂ ಇಳಿಸಿದಾಗ ಮಗಳಿಗೆ ಎಂಥ ಸಿಟ್ಟು ಬಂತೆಂದರೆ, ತಾನೇ ತಂದ ಆಚರಣೆಯ ವಿರುದ್ಧ ಬದುಕಿನ ಉದ್ದಕ್ಕೂ ಹೋರಾಡಿದರು. ನಿಮ್ಮ ಆ ಎರಡು ಪುಟಗಳನ್ನು ಕಂಡಿದ್ದರೂ ಅವರಿಗೆ ಅಷ್ಟೇ ಸಿಟ್ಟು ಬರುತ್ತಿತ್ತು!

ಇನ್ನೊಂದು ಮಾತು. ನೀವು ಬಲ್ಲದ್ದು ತಾಯಿಯಾದ ಮೇಲಿನ ಹೆಂಗಸನ್ನು. ವಯಸ್ಸಾದವರು ಹಿಂದಿನದನ್ನು ನೆನೆಯುವಾಗ ಹತ್ತರಿಂದ ಮೂವತ್ತರ ನಡುವಿನ ವರ್ಷಗಳೇ ಹೆಚ್ಚು ಮೇಲೆ ಬರುತ್ತವೆ ಎಂದು ನೆನಪಿನ ಬಗ್ಗೆ ಸಂಶೋಧನೆ ಮಾಡಿದವರು ಕಂಡುಕೊಂಡಿದ್ದಾರೆ. ನಿಮ್ಮ ತಾಯಿಯವರ ಓರಗೆಯ ತಂಗಿಯೋ ಗೆಳತಿಯೋ ಬದುಕಿದ್ದರೆ ಆ ವರ್ಷಗಳು ಅವರ ಬಳಿ ಇರುತ್ತವೆ. "ಅವಳು ಹೇಗಿದ್ದಳು?" ಎಂದು ಕೇಳಬೇಡಿ, "ಒಳ್ಳೆಯವಳು" ಎಂಬ ಉತ್ತರ ಬರುತ್ತದೆ. "ನೀವಿಬ್ಬರೂ ಯಾವುದಕ್ಕೆ ಜಗಳವಾಡುತ್ತಿದ್ದಿರಿ?" ಎಂದು ಕೇಳಿ.

ಅಕ್ಕನ ವಿಷಯ ಬಿಟ್ಟುಬಿಡಿ. ನೆನೆಯಲು ಸೇರಿದ ಕೋಣೆ ನ್ಯಾಯಾಲಯವಲ್ಲ.

ಹಿರಿಮಗಳು

ಮೇಷ್ಟ್ರೇ, ಕೊನೆಯ ಎರಡು ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ.

ನಾನೂ ಓದು ಬಿಟ್ಟ ಹಿರಿಮಗಳೇ. ನಮ್ಮ ತಾಯಿ ಹೋದಾಗ ತಮ್ಮ ಎದ್ದು ನಿಂತು "ಅಮ್ಮ ತನ್ನ ಹೊಟ್ಟೆ ಕಟ್ಟಿ ನಮ್ಮನ್ನು ಓದಿಸಿದಳು" ಎಂದ. ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಕೊನೆಯ ಸಾಲಿನಲ್ಲಿ ಕುಳಿತು, ಆ "ನಮ್ಮನ್ನು" ಒಳಗೆ ನಾನೂ ಇದ್ದೇನೆಯೇ ಎಂದು ಯೋಚಿಸುತ್ತಿದ್ದೆ. ಮರುವರ್ಷ ಅವನಿಗೇ ಏನೋ ಹೊಳೆದು, ನಾಲ್ಕು ಜನರ ಮುಂದೆ "ನಮ್ಮಕ್ಕ ತ್ಯಾಗ ಮಾಡಿದಳು" ಎಂದ. ಅದು ಇನ್ನೂ ಉರಿಯಿತು. ತ್ಯಾಗ ಮಾಡಲು ಮೊದಲು ಯಾರಾದರೂ ಬೇಕೋ ಬೇಡವೋ ಎಂದು ಕೇಳಿರಬೇಕು.

ಅದಕ್ಕೇ ಹೇಳುತ್ತೇನೆ: ಅಕ್ಕನನ್ನು ಕೇಳಿ. ಅಣ್ಣ, ತಮ್ಮ, ಮಕ್ಕಳು ಯಾರೂ ಇಲ್ಲದಾಗ, ಒಬ್ಬಳೇ ಇರುವಾಗ ಕೇಳಿ. "ಹೇಳಲೇ, ಬಿಡಲೇ?" ಎಂದು ಎರಡೇ ದಾರಿ ಅವರ ಮುಂದೆ ಇಡಬೇಡಿ. "ಆ ವರ್ಷ ಏನಾಯಿತು?" ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಆಗ ನೀವು ಎಷ್ಟು ವರ್ಷದವರು? ನಿಮಗೆ ಅರ್ಧವೇ ಗೊತ್ತಿರಬಹುದು. ಅವರು ಬೇಡವೆಂದರೆ ಆ ಸಾಲು ಬೇಡ. ಹೋದವರ ಗೌರವ ಆಮೇಲೆ, ಎದುರಿಗೆ ಕುಳಿತಿರುವವರ ಗೌರವ ಮೊದಲು. ಆದರೆ ಅವರು ಬೇಡವೆಂದರೂ ಅಮ್ಮ ಒಬ್ಬಳೇ ಎಲ್ಲರನ್ನೂ ಓದಿಸಿದಳು ಎಂದು ಮಾತ್ರ ಹೇಳಬೇಡಿ. "ಅಮ್ಮನೂ ಅಕ್ಕನೂ ಹೊಲಿದರು" ಎಂದರೆ ಸಾಕು. ಯಾರ ಮೇಲೂ ದೂರಿಲ್ಲ, ಲೆಕ್ಕವೂ ಸರಿಯಾಯಿತು.

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲವೇ? ಇದೆ. ನಾಲ್ಕು ಮಕ್ಕಳು, ಒಂದು ಯಂತ್ರ ಎಂದರೆ ನಾನಾದರೂ ಇನ್ನೇನು ಮಾಡುತ್ತಿದ್ದೆ ಎಂಬ ಯೋಚನೆಯೂ ಇದೆ. ಎರಡೂ ಒಟ್ಟಿಗೇ ಇರುತ್ತವೆ.

ಅಜ್ಜಿ ಸಾಕಿದ ಹುಡುಗ

ಹಾವು ಏಣಿ ಆಟದ ಬಗ್ಗೆ ದಯವಿಟ್ಟು ನೀವು ಹೇಳಬೇಡಿ, ನಿಮ್ಮ ಮಗ ಹೇಳಲಿ. ಸ್ವಲ್ಪ ತಡವರಿಸಿದರೂ ಪರವಾಗಿಲ್ಲ. ನನ್ನ ಅಜ್ಜಿ ಹೋದಾಗ ನನಗೆ ಹದಿನಾಲ್ಕು. "ಮಕ್ಕಳು ಹೊರಗೆ ಆಡಿಕೊಳ್ಳಲಿ" ಎಂದರು. ನನ್ನನ್ನು ಬೆಳೆಸಿದವಳ ಬಗ್ಗೆ ಅವಳನ್ನು ವರ್ಷಕ್ಕೊಮ್ಮೆ ಕಂಡವರು ಮಾತನಾಡಿದರು.

ನೀವು ಇಬ್ಬರು ಹೆಂಗಸರು ಎನ್ನುತ್ತಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಅಂಕಪಟ್ಟಿ ನೋಡುತ್ತಿದ್ದ ಅಮ್ಮನಿಗೆ ಮರುದಿನದ ಕೆಲಸದ ಭಯವಿತ್ತು, ಹಾವು ಏಣಿ ಆಡುತ್ತಿದ್ದ ಅಜ್ಜಿಗೆ ಆ ಭಯ ಕಳೆದಿತ್ತು. ಮೊಮ್ಮಕ್ಕಳಿಗೆ ಸಿಕ್ಕಿದ್ದು ಅವರ ಬಿಡುವು. ನಮ್ಮಮ್ಮ ಈಗಲೂ ನನ್ನ ಮೇಲೆ ಹೊಟ್ಟೆಕಿಚ್ಚಿನಿಂದ "ನನ್ನ ತಾಯಿ ನನಗೆ ಒಂದು ಕಥೆಯನ್ನೂ ಹೇಳಲಿಲ್ಲ" ಎನ್ನುವುದುಂಟು. ಆ ಹೊಟ್ಟೆಕಿಚ್ಚನ್ನು ಬೇಕಾದರೆ ಒಂದು ಸಾಲು ಹೇಳಿ, ಸೇರಿದವರಲ್ಲಿ ಅರ್ಧ ಜನ ತಲೆದೂಗುತ್ತಾರೆ.

ಅಜ್ಜಿಯರ ಬಗ್ಗೆ ನನಗಿಷ್ಟವಾದ ಒಂದು ಸಂಗತಿ. 18 ಮತ್ತು 19ನೆಯ ಶತಮಾನದ ಫಿನ್ಲೆಂಡ್ ಮತ್ತು ಕೆನಡಾದ ರೈತ ಕುಟುಂಬಗಳ ಹುಟ್ಟು ಸಾವಿನ ದಾಖಲೆ ಇಟ್ಟುಕೊಂಡು ಮಿರ್ಕಾ ಲಾಹ್ಡೆನ್‌ಪೆರಾ ಮತ್ತು ಸಂಗಡಿಗರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಂಗಸು 50 ದಾಟಿ ಬದುಕಿದ ಪ್ರತಿ ಹತ್ತು ವರ್ಷಕ್ಕೆ ಸರಾಸರಿ ಎರಡು ಮೊಮ್ಮಕ್ಕಳು ಹೆಚ್ಚು ಎಂಬುದು ಅದರಲ್ಲಿ ಕಂಡ ಲೆಕ್ಕ. ಅಜ್ಜಿ ಇದ್ದ ಮನೆಗಳಲ್ಲಿ ಮಕ್ಕಳು ಬೇಗ ಹುಟ್ಟಿದರು, ಹೆಚ್ಚು ಉಳಿದರು. ಹೆರುವ ವಯಸ್ಸು ಮುಗಿದ ಮೇಲೂ ಮನುಷ್ಯ ಜಾತಿಯ ಹೆಂಗಸರು ಇಷ್ಟು ವರ್ಷ ಬದುಕುವುದೇಕೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಕೊಡುವ ಉತ್ತರಗಳಲ್ಲಿ ಇದೂ ಒಂದು. ಏಳು ತಿಂಗಳಿಗೇ ಹುಟ್ಟಿ, ಅಜ್ಜಿಯ ಎದೆಗೆ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಬದುಕಿದ ನಾನು ಆ ಹೆಚ್ಚುವರಿ ಲೆಕ್ಕದಲ್ಲಿ ಬರುತ್ತೇನೆ ಎಂದುಕೊಂಡಿದ್ದೇನೆ. ಇದನ್ನು ಭಾಷಣದಲ್ಲಿ ಸೇರಿಸಬೇಡಿ, ನಿಮ್ಮ ಮಕ್ಕಳಿಗೆ ಹೇಳಿ.

ದಾಖಲೆ ಕೋಣೆ

ಹಳೆಯ ಕಾಗದ, ಫೋಟೊ ಕಾಪಾಡುವುದೇ ನನ್ನ ಕೆಲಸ. ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ.

ಅಂಟಿನ ಹಾಳೆ, ಮೇಲೊಂದು ಪ್ಲಾಸ್ಟಿಕ್ ಪೊರೆ ಇರುವ ಆಲ್ಬಂ ತಾನೇ? 1970, 80ರ ದಶಕಗಳಲ್ಲಿ ಅವು ಬಹಳ ಬಳಕೆಯಲ್ಲಿದ್ದವು. ಫೋಟೊಗಳಿಗೆ ಅವುಗಳಿಂದಾದ ಹಾನಿ ಅಷ್ಟಿಷ್ಟಲ್ಲ. ಕಾಲ ಕಳೆದಂತೆ ಅಂಟು ಗಟ್ಟಿಯಾಗುತ್ತದೆ. ದಯವಿಟ್ಟು ಉಗುರು ಹಾಕಿ ಕೀಳಬೇಡಿ. ಮೊದಲು ಪೊರೆಯನ್ನು ಮೆಲ್ಲಗೆ ಎತ್ತಿ, ಇಡೀ ಪುಟವನ್ನು ಇದ್ದ ಹಾಗೆಯೇ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ನಿಮ್ಮ ತಾಯಿಯವರ ಆಯ್ಕೆಯೇ. ಆಮೇಲೆ ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು, ಮೇಣ ಸವರದ ಬಗೆಯದನ್ನು, ಫೋಟೊದ ಒಂದು ಮೂಲೆಯ ಅಡಿಗೆ ತೂರಿಸಿ ಗರಗಸದಂತೆ ಆಚೀಚೆ ಎಳೆಯುತ್ತಾ ಬನ್ನಿ. ಫೋಟೊ ಬಾಗಿತು ಎನ್ನಿಸಿದ ಕೂಡಲೇ ನಿಲ್ಲಿಸಿ. ಬರಲಿಲ್ಲವೆಂದರೆ ಹಾಳೆಯ ಸಮೇತ ಕತ್ತರಿಸಿ ಇಟ್ಟುಬಿಡಿ. ಬಿಸಿಗಾಳಿಯ ಯಂತ್ರ ಹಿಡಿದು ಅಂಟು ಕರಗಿಸುವ ಉಪಾಯ ಯಾರಾದರೂ ಹೇಳಿಯಾರು, ಬೇಡ.

ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಅಂಚಿನ ಹತ್ತಿರ, ಒತ್ತದೆ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಮೂಡುತ್ತದೆ. ಸ್ಕ್ಯಾನ್ ಮಾಡಿಸುವಾಗ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲದಂತೆಯೇ ತಲುಪುತ್ತದೆ.

ಕ್ಯಾಸೆಟ್: ಹೇಗಿದೆ ನೋಡೋಣ ಎಂದು ಅಟ್ಟದ ಮೇಲಿನ ಹಳೆಯ ಪ್ಲೇಯರಿಗೆ ಹಾಕಬೇಡಿ, ಟೇಪನ್ನು ಎಳೆದುಕೊಂಡರೆ ಮುಗಿಯಿತು. ಮೇಲಂಚಿನ ಎರಡು ಮೂಲೆಗಳಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಿ, ಆಗ ಅಪ್ಪಿತಪ್ಪಿಯೂ ಅದರ ಮೇಲೆ ಬೇರೆ ಧ್ವನಿಮುದ್ರಣವಾಗುವುದಿಲ್ಲ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ತಿರುಗಿಸಲೂ ಹೋಗದೆ ಅನುಭವಸ್ಥರಿಗೆ ಕೊಡಿ. ಕಾಯುತ್ತಾ ಕೂರಬೇಡಿ, ಕಾಂತಪಟ್ಟಿ ಇಟ್ಟಲ್ಲೇ ಹಾಳಾಗುತ್ತದೆ.

ಎಲ್ಲಕ್ಕಿಂತ ಅವಸರದ್ದು ಧ್ವನಿ ಸಂದೇಶ. ಮೊಬೈಲ್ ಬದಲಾದಾಗ, ಕಳೆದಾಗ, ಜಾಗ ಸಾಲದೆ ಅಳಿಸಿದಾಗ ಹೋಗುವುದು ಇವೇ. ಈ ಸಂಜೆಯೇ ಒಂದೊಂದನ್ನೂ ಹೊರಗೆ ಉಳಿಸಿ ದಿನಾಂಕದ ಹೆಸರಿಡಿ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ನಾವು ದಾಖಲೆ ಇಡುವವರು ಪಾಲಿಸುವ ನಿಯಮವೂ ಇದೇ.

ಕರಡು ತಿದ್ದುವವಳು

ಎಲ್ಲರಿಗೂ ವಂದನೆ. ಧ್ವನಿ ಸಂದೇಶಗಳನ್ನು ಉಳಿಸಿದ್ದಾಯಿತು. ಹೆಚ್ಚಿನವು "ಫೋನ್ ಮಾಡು" ಎಂಬ ಎರಡೇ ಮಾತಿನವು, ಹಿಂದೆ ಟಿವಿಯ ಗದ್ದಲ. ಒಂದರಲ್ಲಿ ಮಾತ್ರ ರೆಕಾರ್ಡಿಂಗ್ ನಿಲ್ಲಿಸಲು ಬಾರದೆ ನಾಲ್ಕು ನಿಮಿಷ ತನ್ನಷ್ಟಕ್ಕೆ ತಾನೇ ನನ್ನನ್ನು ಬೈದುಕೊಂಡಿದ್ದಾಳೆ.

ಹಿರಿಮಗಳು ಹೇಳಿದಂತೆ ಅಕ್ಕನ ಬಳಿ ಹೋಗಿ "ಆ ವರ್ಷ ಏನಾಯಿತು?" ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಎದ್ದು ಹೋಗಿ ಅಮ್ಮನ ಅಳತೆ ಪುಸ್ತಕ ತಂದಳು. ಉದ್ದನೆಯ, ರಟ್ಟು ಬಿಟ್ಟ ಲೆಕ್ಕದ ಪುಸ್ತಕ. ಮುಂದಿನಿಂದ ತೆರೆದರೆ ಗಿರಾಕಿಗಳ ಹೆಸರು, ಎದೆ, ಸೊಂಟ, ತೋಳು. ಹಿಂದಿನಿಂದ ತಿರುವಿದರೆ ಅಕ್ಕನ ಹೆಸರು. ಅವಳು ಹೊಲಿದ ಕಾಜಾ ಎಷ್ಟು, ಹಾಕಿದ ಗುಂಡಿ ಎಷ್ಟು, ಅದಕ್ಕೆ ಕೂಲಿ ಎಷ್ಟು ಎಂದು ವಾರ ವಾರದ ಲೆಕ್ಕ. ಹೊರಗಿನವರಿಗೆ ಕೊಡುವ ದರವೇ. ವರ್ಷದ ಕೊನೆಗೆ ಆ ಮೊತ್ತ ಅಕ್ಕನ ಹೆಸರಿನ ಬ್ಯಾಂಕ್ ಖಾತೆಗೆ ಹೋಗಿದೆ. ಎರಡು ವರ್ಷ ಹಣ ಹೋಗಿಲ್ಲ, ಅಲ್ಲಿ "ಬಾಕಿ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಆ ಬಾಕಿಯನ್ನು ಅಮ್ಮ ಅಕ್ಕನಿಗೆ ತೀರಿಸಿದ್ದು ತಮ್ಮನಿಗೆ ಕೆಲಸ ಸಿಕ್ಕಿದ ಮೇಲೆ. ನಮ್ಮಲ್ಲಿ ಬೇರೆ ಯಾರಿಗೂ ಇದು ಗೊತ್ತಿರಲಿಲ್ಲ.

"ಕಾಲೇಜು ಬಿಡಿಸಿದ್ದನ್ನು ಹೇಳು, ಕೂಲಿ ಕೊಟ್ಟದ್ದನ್ನೂ ಹೇಳು" ಎಂದಳು ಅಕ್ಕ. "ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಬೇಡ." ಕಾಲೇಜಿಗೆ ಅದು ಸಮವಾಯಿತೇ ಎಂದು ಕೇಳಿದೆ. "ಇಲ್ಲ" ಎಂದಳು.

ಆ ಪುಸ್ತಕದ ನಡುವಿನ ಪುಟಗಳಲ್ಲಿ ಮೊಮ್ಮಕ್ಕಳಿದ್ದಾರೆ. ಹೊಲಿಯುವುದು ನಿಲ್ಲಿಸಿದ ಮೇಲೂ ಪ್ರತಿ ರಜೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಅಳೆದು ಬರೆದಿಟ್ಟಿದ್ದಾಳೆ. ನನ್ನ ಮಗಳ ತೋಳಿನ ಉದ್ದ ಎಂಟು ವರ್ಷದ್ದು ಸಿಕ್ಕಿತು. ಭಾಷಣ ಈಗ ಈ ಪುಸ್ತಕದ ಮೇಲೆಯೇ ನಿಂತಿದೆ: ಮುಂದಿನ ಪುಟಗಳು ನನಗೆ, ಹಿಂದಿನವು ಅಕ್ಕನಿಗೆ, ನಡುವಿನವು ಮಕ್ಕಳಿಗೆ. ಅಕ್ಕ ತಾನೇ ಓದುತ್ತೇನೆ ಎಂದಿದ್ದಾಳೆ. ಅಣ್ಣ ಮೊದಲು ಬೇಡವೆಂದ, ಪುಸ್ತಕ ನೋಡಿದ ಮೇಲೆ ತನಗೂ ಒಂದು ನಿಮಿಷ ಬೇಕೆಂದ.

ಪುಸ್ತಕದ ಹಾಳೆಗಳು ಅಂಚಿನಲ್ಲಿ ಪುಡಿಯಾಗುತ್ತಿವೆ, ಕೆಲವು ಕಡೆ ಶಾಯಿ ಮಸುಕಾಗಿದೆ. ಅವತ್ತು ಹತ್ತಾರು ಜನರ ಕೈಗೆ ಹೋಗುತ್ತದೆ. ಲ್ಯಾಮಿನೇಟ್ ಮಾಡಿಸೋಣ ಎನ್ನುತ್ತಿದ್ದಾನೆ ತಮ್ಮ. ಮಾಡಿಸಲೇ?

ದಾಖಲೆ ಕೋಣೆ

ಬೇಡವೇ ಬೇಡ. ಲ್ಯಾಮಿನೇಟ್ ಮಾಡುವಾಗ ಬಿಸಿ ಕಾಗದದ ಒಳಗೆ ಇಳಿಯುತ್ತದೆ, ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಹರಿದ ಕಡೆ ಸೆಲೋಟೇಪನ್ನೂ ಹಾಕಬೇಡಿ, ಅದು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ.

ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತದೆ, ಎರಡೂ ಬದಿಗೆ ದಿಂಬಿನಂಥ ಆಸರೆ ಕೊಟ್ಟು, ಕಿಟಕಿಯ ಬೆಳಕಿನಲ್ಲಿ, ಬಿಸಿಲು ನೇರ ಬೀಳದಂತೆ, ರಟ್ಟಿನಿಂದ ರಟ್ಟಿನವರೆಗೆ ಕ್ರಮವಾಗಿ ಚಿತ್ರ ತೆಗೆಯಿರಿ. ಮಸುಕಾದ ಶಾಯಿಗೆ ಬೆಳಕನ್ನು ಪಕ್ಕದಿಂದ ಬೀಳಿಸಿ ನೋಡಿ, ಪೆನ್ನು ಒತ್ತಿದ ಗುರುತು ಕಂಡರೂ ಕಾಣಬಹುದು. ಮುಟ್ಟುವಾಗ ತೊಳೆದು ಒರೆಸಿದ ಬರಿಗೈ ಸಾಕು, ಬಟ್ಟೆಯ ಕೈಗವಸಿನಲ್ಲಿ ಪುಡಿಯಾಗುವ ಹಾಳೆ ತಿರುವುವುದೇ ಕಷ್ಟ. ಅವತ್ತು ಎಲ್ಲರ ಕೈಗೆ ಕೊಡಲು ಆಯ್ದ ಪುಟಗಳ ಅಚ್ಚು ಪ್ರತಿ ಮಾಡಿಸಿ, ಮೂಲ ಒಂದು ಮೇಜಿನ ಮೇಲಿರಲಿ, ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಆಮೇಲೆ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿಡಿ. ಅಟ್ಟವೂ ಬೇಡ, ತೇವದ ಗೋಡೆಯ ಪಕ್ಕವೂ ಬೇಡ.

ಒಂದು ಎಚ್ಚರಿಕೆ. ಮುಂದಿನ ಪುಟಗಳಲ್ಲಿರುವುದು ಗಿರಾಕಿಗಳ ಹೆಸರು, ಎದೆ ಸೊಂಟದ ಅಳತೆ. ಅವರಲ್ಲಿ ಎಷ್ಟೋ ಜನ ಇನ್ನೂ ಇದ್ದಾರು, ಅವತ್ತು ಬಂದಾರು ಕೂಡ. ಆ ಪುಟಗಳ ಚಿತ್ರವನ್ನು ಕುಟುಂಬದ ಗುಂಪಿಗೆ ಹಾಕಬೇಡಿ. ಮೇಜಿನ ಮೇಲೆ ಪುಸ್ತಕವನ್ನು ನಡುವಿನಿಂದ ತೆರೆದಿಡಿ.